ವ್ಲಾದಿಸ್ಲಾವ್ ಲಿಸ್ತ್ಯೆವ್ ಬಗ್ಗೆ 20 ನಿಮಿಷ ಮಾತಾಡಬೇಕು: ಯಾವುದನ್ನು ಖಚಿತವಾಗಿ ಹೇಳಬಹುದು?

ಡೊಂಬಿವಲಿ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಬಳಗದ ತಿಂಗಳ ಸಭೆಗೆ ಈ ಸಲ ಪತ್ರಕರ್ತರ ಹತ್ಯೆಗಳನ್ನು ವಿಷಯವಾಗಿ ಇಟ್ಟುಕೊಂಡಿದ್ದೇವೆ. ಮುಂಬೈಯ ಜೆ. ಡೇ ಬಗ್ಗೆ ಒಬ್ಬರು, ಗೌರಿ ಲಂಕೇಶ್ ಬಗ್ಗೆ ಇನ್ನೊಬ್ಬರು ಮಾತಾಡುತ್ತಾರೆ. ನನ್ನ ಪಾಲಿಗೆ ಬಂದಿರುವುದು ರಷ್ಯಾದ ಟಿವಿ ಪತ್ರಕರ್ತ ವ್ಲಾದಿಸ್ಲಾವ್ ಲಿಸ್ತ್ಯೆವ್. ಸಿಗುವುದು 20 ನಿಮಿಷ, ಕೇಳುವವರಲ್ಲಿ ಹೆಚ್ಚಿನವರಿಗೆ ಈ ಹೆಸರೇ ಹೊಸದು.

ಕರಡಿನ ಮೊದಲ ಸಾಲು ಹೀಗಿದೆ: "ಸತ್ಯ ಹೇಳಿದ ತಪ್ಪಿಗೆ 1995ರಲ್ಲಿ ಮಾಸ್ಕೋದಲ್ಲಿ ಗುಂಡಿಗೆ ಬಲಿಯಾದ ದಿಟ್ಟ ವರದಿಗಾರ." ಇದು ಸರಿಯೇ? ಕೊಲೆಗೂ ಟಿವಿ ಜಾಹೀರಾತಿಗೂ ಸಂಬಂಧವಿದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ, ಆದರೆ ಆ ಸಂಬಂಧ ಎಂಥದ್ದು ಎಂದು ಬಿಡಿಸಿ ಹೇಳುವವರು ಕಡಿಮೆ. ಆರೋಪ ಕೇಳಿಬಂದವರ ಹೆಸರನ್ನು ಸಭೆಯಲ್ಲಿ ಎತ್ತಬಹುದೇ, ಎತ್ತುವುದಾದರೆ ಹೇಗೆ? ರಷ್ಯನ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದೂ ಒಂದು ತೊಡಕಾಗಿದೆ. ಬಲ್ಲವರು ತಿದ್ದಿ.

---

ಕಲೀನಾ ಕಟ್ಟೆ

ಮೊದಲ ಸಾಲನ್ನು ತೆಗೆದುಬಿಡಿ ಸಾರ್. ಅದು ಸುಳ್ಳು ಎಂದಲ್ಲ, ಕಾರಣ ಗೊತ್ತಿದೆ ಎಂಬ ಭಾವನೆ ಹುಟ್ಟಿಸುತ್ತದೆ. ಈ ಕೇಸಿನಲ್ಲಿ ಇಂದಿಗೂ ಯಾರಿಗೂ ಶಿಕ್ಷೆಯಾಗಿಲ್ಲ, ಕಾರಣವೂ ಯಾವ ಕೋರ್ಟಿನಲ್ಲೂ ಸಾಬೀತಾಗಿಲ್ಲ. ಅಲ್ಲದೆ ಲಿಸ್ತ್ಯೆವ್ ತನಿಖಾ ವರದಿಗಾರರಾಗಿ ಹೆಸರು ಮಾಡಿದವರಲ್ಲ. ಆ ಸಾಲಿಗೆ ಹೊಂದುವವರು ದಿಮಿತ್ರಿ ಖೊಲೊದೊವ್. ಸೇನೆಯ ಭ್ರಷ್ಟಾಚಾರದ ಬೆನ್ನು ಹತ್ತಿದ್ದ ಅವರು 1994ರ ಅಕ್ಟೋಬರ್ 17ರಂದು ಪತ್ರಿಕಾ ಕಚೇರಿಯಲ್ಲಿ ಬ್ರೀಫ್‌ಕೇಸ್ ತೆರೆದಾಗ ಒಳಗಿದ್ದ ಬಾಂಬ್ ಸಿಡಿದು ಸತ್ತರು. ಎರಡು ಕೊಲೆಗಳ ನಡುವೆ ಐದು ತಿಂಗಳೂ ಇಲ್ಲ, ಹಾಗಾಗಿ ಜನ ಬೆರೆಸಿಬಿಡುತ್ತಾರೆ.

ಲಿಸ್ತ್ಯೆವ್ ಕೊಲೆಯಾದಾಗ ಅವರು ಕಾರ್ಯಕ್ರಮ ನಿರೂಪಕರಷ್ಟೇ ಅಲ್ಲ, ದೇಶದ ಅತಿ ದೊಡ್ಡ ಚಾನೆಲ್‌ನ ಮುಖ್ಯಸ್ಥರಾಗಿದ್ದರು. ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಎಳೆ ಇದೇ. ಅಲ್ಲಿನ ಮೊದಲ ವಾಹಿನಿ ಒಸ್ತಾಂಕಿನೊ ಸರ್ಕಾರದ್ದಾಗಿತ್ತು. ಅದನ್ನು ಓಆರ್‌ಟಿ ಎಂಬ ಷೇರು ಕಂಪನಿಯಾಗಿ ಬದಲಿಸಲು 1994ರ ನವೆಂಬರ್ ಕೊನೆಗೆ ಅಧ್ಯಕ್ಷ ಯೆಲ್ತ್ಸಿನ್ ಆದೇಶ ಹೊರಡಿಸಿದರು. ಶೇ. 51 ಷೇರು ಸರ್ಕಾರಕ್ಕೆ, ಉಳಿದ 49 ಬ್ಯಾಂಕು ಮತ್ತು ಕಂಪನಿಗಳಿಗೆ. 1995ರ ಜನವರಿ 25ರಂದು ಲಿಸ್ತ್ಯೆವ್ ಅದರ ಮೊದಲ ಮಹಾನಿರ್ದೇಶಕರಾದರು. ಫೆಬ್ರುವರಿ 20ರಂದು, ಹೊಸ ನಿಯಮಾವಳಿ ಸಿದ್ಧವಾಗುವವರೆಗೆ ಚಾನೆಲ್‌ನಲ್ಲಿ ಯಾವ ಜಾಹೀರಾತೂ ಇರುವುದಿಲ್ಲ ಎಂದು ಪ್ರಕಟಿಸಿದರು. ಹೊಸ ಚಾನೆಲ್‌ನ ಪ್ರಸಾರ ಏಪ್ರಿಲ್ 1ಕ್ಕೆ ಶುರುವಾಗಬೇಕಿತ್ತು. ಮಾರ್ಚ್ 1ರ ರಾತ್ರಿ ಕೊಲೆಯಾಯಿತು. ಹುದ್ದೆಗೆ ಬಂದು 35 ದಿನ, ಜಾಹೀರಾತು ಘೋಷಣೆಯಾಗಿ 9 ದಿನ.

ಈಗ ಜಾಹೀರಾತಿನ ವಿಷಯ. ಮುಂಬೈಯಲ್ಲಿ ಟಿವಿ ಧಾರಾವಾಹಿ ವ್ಯವಹಾರ ಕಂಡವರಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳ ಕಾಲದಲ್ಲಿ ಇಷ್ಟು ಶುಲ್ಕ ಕಟ್ಟಿದರೆ ಇಷ್ಟು ಸೆಕೆಂಡು ಜಾಹೀರಾತು ಸಮಯ ಕೈಗೆ ಬರುತ್ತಿತ್ತು; ಎಫ್‌ಸಿಟಿ (ಫ್ರೀ ಕಮರ್ಷಿಯಲ್ ಟೈಮ್) ಅನ್ನುತ್ತಿದ್ದರು. ಆ ಸೆಕೆಂಡುಗಳನ್ನು ಮಾರಿ ಹಣ ಹುಟ್ಟಿಸುತ್ತಿದ್ದರು. 90ರ ದಶಕದ ಆರಂಭದ ಒಸ್ತಾಂಕಿನೊದಲ್ಲೂ ಇದೇ ಜಾಡು, ಆದರೆ ಲೆಕ್ಕಪತ್ರದ ಹಿಡಿತವೇ ಇರಲಿಲ್ಲ. ಕಾರ್ಯಕ್ರಮ ತಯಾರಿಸುವ ಖಾಸಗಿ ಕಂಪನಿಗಳ ಕೈಯಲ್ಲಿ ಜಾಹೀರಾತು ನಿಮಿಷಗಳಿರುತ್ತಿದ್ದವು. ಮಧ್ಯವರ್ತಿ ಏಜೆನ್ಸಿಗಳು ಅವನ್ನು ಸಗಟಿನಲ್ಲಿ ಕೊಂಡು ಚಿಲ್ಲರೆಯಾಗಿ ಮಾರುತ್ತಿದ್ದವು. ಪ್ರಸಾರದ ಖರ್ಚು ಚಾನೆಲ್ ತಲೆಗೆ, ಅಂದರೆ ಸರ್ಕಾರದ ಬೊಕ್ಕಸಕ್ಕೆ. ಜಾಹೀರಾತಿನ ಹಣದ ದೊಡ್ಡ ಪಾಲು ಮಾತ್ರ ದಾರಿಯಲ್ಲೇ ಇಳಿದುಹೋಗುತ್ತಿತ್ತು. ವಾಶಿ ಮಾರ್ಕೆಟ್‌ನಲ್ಲಿ ಮಾಲು ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ದಲಾಲಿ ಕೂತಿರುವ ಚಿತ್ರ ಕೊಟ್ಟರೆ ಸಭೆಗೆ ಅರ್ಧ ನಿಮಿಷ ಸಾಕು.

ಘೋಷಣೆ ಜಾರಿಯಾದರೆ ಆ ದಲಾಲಿಗಳ ಅಂಗಡಿ ಏಪ್ರಿಲ್ 1ರಿಂದ ಬಂದ್. ಮತ್ತೆ ತೆರೆದಾಗ ಮಾರುವ ಹಕ್ಕು ಯಾರಿಗೆ ಎನ್ನುವುದನ್ನು ಚಾನೆಲ್ಲೇ ತೀರ್ಮಾನಿಸುತ್ತದೆ. ಆದ್ದರಿಂದಲೇ ಎಲ್ಲರ ಕಣ್ಣೂ ಆ 9 ದಿನಗಳ ಮೇಲೆ ಬಿತ್ತು. ಆದರೆ ಇಲ್ಲಿ ಎಚ್ಚರವಿರಲಿ: ಒಂದರ ಹಿಂದೆ ಇನ್ನೊಂದು ನಡೆದದ್ದಕ್ಕೆ ದಾಖಲೆಯಿದೆ, ಒಂದರಿಂದಲೇ ಇನ್ನೊಂದು ನಡೆಯಿತು ಎಂಬುದಕ್ಕೆ ತೀರ್ಪಿಲ್ಲ. "ಜಾಹೀರಾತು ನಿಲ್ಲಿಸಿದ್ದಕ್ಕೆ ಕೊಂದರು" ಎನ್ನಬೇಡಿ. "ಜಾಹೀರಾತು ನಿಲ್ಲಿಸುವುದಾಗಿ ಪ್ರಕಟಿಸಿ 9 ದಿನಕ್ಕೆ ಕೊಲೆಯಾಯಿತು" ಎನ್ನಿ. ಎರಡನೆಯದನ್ನು ಯಾರೂ ಅಲ್ಲಗಳೆಯಲಾರರು.

ದರೋಡೆಯೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ಅವರ ಬಳಿಯಿದ್ದ ನಗದು, ಡಾಲರ್‌ಗಳೂ ಸೇರಿ, ಬೆಲೆಬಾಳುವ ವಸ್ತುಗಳು ಹಾಗೆಯೇ ಇದ್ದವು. ಎರಡು ಗುಂಡು ತಗುಲಿದ್ದವು, ಒಂದು ತೋಳಿಗೆ, ಒಂದು ತಲೆಗೆ. ತನಿಖೆಯವರು ಮೊದಲಿನಿಂದಲೂ ಇದನ್ನು ಸುಪಾರಿ ಕೊಲೆ ಎಂದೇ ನೋಡಿದ್ದು ಈ ಕಾರಣಗಳಿಗಾಗಿ.

---

ಪುಣೆ ಪ್ರೂಫ್

ಆರೋಪಗಳನ್ನು ಹೇಳುವ ಬಗೆಯ ಬಗ್ಗೆ ಬರೆಯುತ್ತೇನೆ, ಜಾರುವುದು ಅಲ್ಲೇ.

ಈ ಕೇಸಿನಲ್ಲಿ ಹಲವರ ಹೆಸರು ಓಡಾಡಿದೆ. ಜಾಹೀರಾತು ಉದ್ಯಮದವರು, ಓಆರ್‌ಟಿಯಲ್ಲಿ ಪಾಲಿದ್ದವರು, ಅಪರಾಧ ಗುಂಪುಗಳು. ವಿಚಾರಣೆಗೆ ಕರೆಸುವುದು ಬೇರೆ, ಆರೋಪಪಟ್ಟಿ ಹಾಕುವುದು ಬೇರೆ, ಶಿಕ್ಷೆಯಾಗುವುದು ಬೇರೆ. ಈ ಕೊಲೆಯನ್ನು ಯಾರು ಮಾಡಿಸಿದರು ಎಂಬ ಪ್ರಶ್ನೆ ಯಾವ ತೀರ್ಪಿನವರೆಗೂ ಹೋಗಲಿಲ್ಲ. ಜೀವಂತ ಇರುವವರ ಹೆಸರು ಬಿಟ್ಟುಬಿಡುವುದೇ ಒಳ್ಳೆಯದು. ಅದರಿಂದ ನಿಮ್ಮ ಮಾತಿಗೆ ಏನೂ ಕಡಿಮೆಯಾಗುವುದಿಲ್ಲ.

ಒಂದು ಹೆಸರನ್ನು ಮಾತ್ರ ಬಿಡಲಾಗದು, ಏಕೆಂದರೆ ಅದು ಕೋರ್ಟಿನ ದಾಖಲೆಯಲ್ಲೇ ಇದೆ. ಬೊರಿಸ್ ಬೆರೆಜೊವ್‌ಸ್ಕಿ ಓಆರ್‌ಟಿಯ ಖಾಸಗಿ ಪಾಲುದಾರರಲ್ಲಿ ಪ್ರಮುಖರು. ಅಮೆರಿಕದ ಫೋರ್ಬ್ಸ್ ಪತ್ರಿಕೆ 1996ರ ಡಿಸೆಂಬರ್‌ನಲ್ಲಿ ಅವರ ಬಗ್ಗೆ ದೀರ್ಘ ಲೇಖನ ಪ್ರಕಟಿಸಿತು. ಬರೆದವರು ಪಾಲ್ ಕ್ಲೆಬ್ನಿಕೊವ್. ಬೆರೆಜೊವ್‌ಸ್ಕಿ ಲಂಡನ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. ರಷ್ಯಾದವರ ಬಗ್ಗೆ ಅಮೆರಿಕದ ಪತ್ರಿಕೆ ಬರೆದದ್ದಕ್ಕೆ ಇಂಗ್ಲೆಂಡಿನಲ್ಲಿ ಕೇಸು ನಡೆಯಬಹುದೇ ಎಂಬ ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, ನಡೆಯಬಹುದು ಎಂದು 2000ದಲ್ಲಿ ತೀರ್ಮಾನವಾಯಿತು. 2003ರಲ್ಲಿ ರಾಜಿಯಾಯಿತು. ಲಿಸ್ತ್ಯೆವ್ ಕೊಲೆಗೆ ಬೆರೆಜೊವ್‌ಸ್ಕಿ ಹೊಣೆ ಎಂದು ಹೇಳುವ ಉದ್ದೇಶ ತನಗಿರಲಿಲ್ಲ ಎಂದು ಪತ್ರಿಕೆ ಸ್ಪಷ್ಟಪಡಿಸಿತು.

ಆದ್ದರಿಂದ "ಫೋರ್ಬ್ಸ್ ಬಯಲು ಮಾಡಿತು" ಎಂದು 1996ರ ಲೇಖನವನ್ನಷ್ಟೇ ಎತ್ತಿ 2003ರ ರಾಜಿಯನ್ನು ಬಿಟ್ಟರೆ ಅದು ಅರ್ಧ ಸತ್ಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಕ್ಲೆಬ್ನಿಕೊವ್ ಅವರನ್ನು 2004ರ ಜುಲೈ 9ರಂದು ಮಾಸ್ಕೋದ ಬೀದಿಯಲ್ಲಿ ಗುಂಡಿಕ್ಕಿ ಕೊಂದರು. ಈ ಮೂರು ಸಂಗತಿಗಳನ್ನು ಸಾಲಾಗಿ ಇಟ್ಟ ಕೂಡಲೇ ಕೇಳುವವರ ಮನಸ್ಸು ತಾನಾಗಿ ಗೆರೆ ಎಳೆದುಬಿಡುತ್ತದೆ. ಆ ಗೆರೆ ನಿಮ್ಮದಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಕ್ಲೆಬ್ನಿಕೊವ್ ಸಾವನ್ನು ಬೇರೆ ಕಡೆ ಇಡಿ.

ಬೆರೆಜೊವ್‌ಸ್ಕಿ 2013ರಲ್ಲಿ ತೀರಿಕೊಂಡರು. ಸತ್ತವರ ಬಗ್ಗೆ ಏನು ಹೇಳಿದರೂ ನಡೆಯುತ್ತದೆ ಎಂಬ ಭಾವನೆ ನಮ್ಮಲ್ಲಿದೆ. ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. ಹಳೆಯ ಐಪಿಸಿ 499ರ ಮೊದಲ ವಿವರಣೆಯಲ್ಲಿದ್ದುದು ಈಗ ಭಾರತೀಯ ನ್ಯಾಯ ಸಂಹಿತೆಯ 356ರಲ್ಲೂ ಇದೆ: ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ತೀರಿಕೊಂಡವರ ಹೆಸರು ಕೆಡಿಸಿದರೂ ಅದು ಮಾನನಷ್ಟವೇ.

ತನಿಖೆ ಎಲ್ಲಿ ಸೊರಗಿತು ಎಂದು ವಿವರಿಸಲು ನಮ್ಮ ಮುಂಬೈಯ 'ಸುಪಾರಿ' ಪದವೇ ನೆರವಿಗೆ ಬರುತ್ತದೆ. ರಷ್ಯನ್ನರು ಇಂಥ ಕೊಲೆಗೆ 'ಜಕಜ್ನೊಯೆ ಉಬೀಯ್ಸ್ತ್ವೊ' ಅನ್ನುತ್ತಾರೆ, ಅಂದರೆ ಆರ್ಡರ್ ಕೊಟ್ಟು ಮಾಡಿಸಿದ ಕೊಲೆ. ಆರ್ಡರ್ ಕೊಟ್ಟವನು 'ಜಕಾಜ್‌ಚಿಕ್', ಗುಂಡು ಹಾರಿಸಿದವನು 'ಇಸ್ಪಲ್ನೀತೆಲ್', ನಡುವೆ ದಲ್ಲಾಳಿ. ಗುಂಡು ಹಾರಿಸಿದವನಿಗೆ ಸತ್ತವರ ಮೇಲೆ ಹಗೆ ಇರುವುದಿಲ್ಲ, ಪರಿಚಯವೂ ಇರಬೇಕಿಲ್ಲ. ಹಗೆಯಿಂದ ಹೊರಟ ಪೊಲೀಸರು ಅವನ ಬಳಿ ತಲುಪುವುದಿಲ್ಲ, ಅವನಿಂದ ಹೊರಟವರು ದಲ್ಲಾಳಿಯ ಬಳಿ ನಿಲ್ಲುತ್ತಾರೆ. ದಲ್ಲಾಳಿ ಸತ್ತರೆ ಅಥವಾ ಬಾಯಿ ಬಿಡದಿದ್ದರೆ ಕೊಂಡಿ ಕಳಚಿತು. 2006ರಲ್ಲಿ ಕೊಲೆಯಾದ ಪತ್ರಕರ್ತೆ ಆನ್ನಾ ಪಲಿತ್ಕೊವ್‌ಸ್ಕಯಾ ಕೇಸಿನಲ್ಲಿ 2014ರಲ್ಲಿ ಐವರಿಗೆ ಶಿಕ್ಷೆಯಾದರೂ ಮಾಡಿಸಿದವರು ಯಾರೆಂದು ತಿಳಿಯಲಿಲ್ಲ. ಖೊಲೊದೊವ್ ಕೇಸಿನ ಆರೋಪಿಗಳು ಎರಡೆರಡು ಸಲ ಖುಲಾಸೆಯಾದರು. ಲಿಸ್ತ್ಯೆವ್ ಕೇಸಿನಲ್ಲಿ ತನಿಖಾಧಿಕಾರಿಗಳು ಮತ್ತೆ ಮತ್ತೆ ಬದಲಾದರು. ಒಬ್ಬರು ಕಟ್ಟಿದ ಊಹೆಯನ್ನು ಮುಂದಿನವರು ಬುಡದಿಂದ ಓದಬೇಕು. 2009ರಲ್ಲಿ ತನಿಖೆಯನ್ನು ತಡೆಹಿಡಿದರು.

ಜೆ. ಡೇ ಬಗ್ಗೆ ಮಾತಾಡುವವರ ಜೊತೆ ಮೊದಲೇ ಹೊಂದಿಸಿಕೊಳ್ಳಿ. 2011ರ ಜೂನ್ 11ರಂದು ಪೊವಾಯಿಯಲ್ಲಿ ಕೊಲೆ, 2018ರ ಮೇ 2ರಂದು ಛೋಟಾ ರಾಜನ್ ಸೇರಿ ಒಂಬತ್ತು ಮಂದಿಗೆ ಜೀವಾವಧಿ. ಅಲ್ಲಿ ಕೋರ್ಟು ಮಾಡಿಸಿದವನವರೆಗೆ ಹೋಯಿತು. ಪಕ್ಕಪಕ್ಕದಲ್ಲಿ ಇಟ್ಟರೆ ಲಿಸ್ತ್ಯೆವ್ ಕೇಸಿನಲ್ಲಿ ಏನಾಗಲಿಲ್ಲ ಎಂಬುದು ಎದ್ದು ಕಾಣುತ್ತದೆ.

---

ಡೊಂಬಿವಲಿ ಓದುಗ

ಇಬ್ಬರಿಗೂ ಕೃತಜ್ಞತೆ. ಮೊದಲ ಸಾಲು ತೆಗೆದೆ. ಇನ್ನೆರಡು ಸಂದೇಹ. ಅವರು ಸತ್ತ ಜಾಗಕ್ಕೆ ಒಂದು ಕಡೆ 'ಲಾಬಿ', ಇನ್ನೊಂದು ಕಡೆ 'ಲಿಫ್ಟ್', ಮತ್ತೊಂದು ಕಡೆ 'ಮನೆ ಬಾಗಿಲು' ಎಂದಿದೆ. ಯಾವುದು ಸರಿ? ಇನ್ನು 20 ನಿಮಿಷವನ್ನು ಹಂಚುವುದು ಹೇಗೆ? ಈಗಿನ ಕರಡಿನಲ್ಲಿ ಕೊಲೆಗೇ 12 ನಿಮಿಷ ಹೋಗುತ್ತಿದೆ.

---

ಗೋವಾ ಗ್ರಂಥಪಾಲಕಿ

ಜಾಗ: ಮಾಸ್ಕೋದ ನೊವೊಕುಜ್ನೆತ್ಸ್‌ಕಯಾ ಬೀದಿಯ 30ನೇ ನಂಬರಿನ ಕಟ್ಟಡ, ಅವರದೇ ಮನೆಯಿದ್ದ ಕಟ್ಟಡ. ರಷ್ಯನ್ನಿನಲ್ಲಿ 'ಪದ್ಯೆಜ್ದ್' ಎಂದು ಬರುತ್ತದೆ, ಗೊಂದಲ ಹುಟ್ಟುವುದು ಅಲ್ಲಿ. ಮುಂಬೈಯವರಿಗೆ ಹೇಳುವುದು ಸುಲಭ. ನಮ್ಮ ಸೊಸೈಟಿಗಳಲ್ಲಿ ಎ ವಿಂಗ್, ಬಿ ವಿಂಗ್ ಎಂದು ಇರುತ್ತದಲ್ಲ, ಪ್ರತಿ ವಿಂಗ್‌ಗೂ ಅದರದೇ ಬಾಗಿಲು, ಅದರದೇ ಮೆಟ್ಟಿಲು. ಆ ಬಾಗಿಲಿನಿಂದ ಮೆಟ್ಟಿಲವರೆಗಿನ ಭಾಗವೇ ಪದ್ಯೆಜ್ದ್. ಹೋಟೆಲಿನಂಥ ಲಾಬಿಯಲ್ಲ. 'ಕಟ್ಟಡದ ಮೆಟ್ಟಿಲ ಬಳಿ' ಎಂದರೆ ತಪ್ಪಾಗದು. ಆ ಕಾಲದ ಮಾಸ್ಕೋದಲ್ಲಿ ಕಾಯುವವನಿಗೆ ಇದಕ್ಕಿಂತ ಅನುಕೂಲದ ಜಾಗವಿರಲಿಲ್ಲ: ಬರುವವರಿಗೆ ಇದೊಂದೇ ದಾರಿ, ಬೀದಿಯ ಕಣ್ಣು ಒಳಗೆ ಬೀಳದು. ಸಂಸದೆ ಗಲೀನಾ ಸ್ತರವೊಯ್ತೊವಾ ಅವರನ್ನು 1998ರ ನವೆಂಬರ್‌ನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಕೊಂದದ್ದು ಇಂಥದ್ದೇ ಮೆಟ್ಟಿಲಲ್ಲಿ. ಲಿಫ್ಟ್ ಎಂಬುದು ಪಲಿತ್ಕೊವ್‌ಸ್ಕಯಾ ಕೇಸಿನದು, 2006ರ ಅಕ್ಟೋಬರ್ 7. ಯಾರೋ ಎರಡನ್ನು ಬೆರೆಸಿದ್ದಾರೆ. ಆನ್ನಾ ಅವರ ಪತಿಯಾಗಿದ್ದ ಅಲೆಕ್ಸಾಂದರ್ ಪಲಿತ್ಕೊವ್‌ಸ್ಕಿ ಲಿಸ್ತ್ಯೆವ್ ಜೊತೆ ಒಂದೇ ಕಾರ್ಯಕ್ರಮದಲ್ಲಿ ಕೆಲಸ ಮಾಡಿದವರು, ಬೆರೆಯಲು ಅದೂ ಒಂದು ಕಾರಣವಿರಬಹುದು.

ಸಮಯ: ರಾತ್ರಿ 9ರ ಸುಮಾರು, ಆ ಸಂಜೆಯ ಕಾರ್ಯಕ್ರಮ ಮುಗಿಸಿ ಮರಳಿದಾಗ. ನಮ್ಮಲ್ಲಿ ಆಗ ಹನ್ನೊಂದೂವರೆ. ಮುಂಬೈಯ ಹಳೆ ಪತ್ರಿಕೆಗಳಲ್ಲಿ ಹುಡುಕುವುದಾದರೆ ಮಾರ್ಚ್ 2ರ ಸಂಚಿಕೆಯಲ್ಲಿ ಸಿಗುವುದು ಅನುಮಾನ, ನೇರವಾಗಿ 3ನೇ ತಾರೀಖಿನದನ್ನು ತೆಗೆಯಿರಿ.

ಹೆಸರುಗಳು. 'ವ್ಲಾದಿಮಿರ್' ಆಗದಂತೆ ನೋಡಿಕೊಳ್ಳಿ, 'ವ್ಲಾದಿಸ್ಲಾವ್'. ಜನ ಕರೆಯುತ್ತಿದ್ದುದು ವ್ಲಾದ್. 'ಲಿಸ್ಟೆವ್' ಎಂದು ಇಂಗ್ಲಿಷ್ ಕಾಗುಣಿತ ನೋಡಿ ಬರೆಯಬೇಡಿ, ರಷ್ಯನ್ನಿನಲ್ಲಿ ನಮ್ಮ 'ಟ' ಇಲ್ಲ, ಇರುವುದು 'ತ'. ಕೊನೆಯ ವ್ ಬಾಯಲ್ಲಿ ಫ್ ಆಗುತ್ತದೆ; ಬರೆಯುವಾಗ ವ್, ಓದುವಾಗ ಲಿಸ್ತ್ಯೆಫ್. ಒತ್ತು 'ಲಿ' ಮೇಲೆ. ಕಷ್ಟದ್ದೆಂದರೆ ಅವರ ಮೊದಲ ಕಾರ್ಯಕ್ರಮ 'ವ್ಜ್‌ಗ್ಲ್ಯಾದ್'. ನಾಲ್ಕು ವ್ಯಂಜನ ಒಟ್ಟಿಗೆ. ಒಂದು ಸಲ ಹೆಸರು ಹೇಳಿ, ಮುಂದೆ 'ನೋಟ' ಎಂದೇ ಕರೆಯಿರಿ, ಅರ್ಥ ಅದೇ. ಸಂಶಯ ಬಂದರೆ ಕಲೀನಾ ಕ್ಯಾಂಪಸ್‌ನಲ್ಲೇ ರಷ್ಯನ್ ವಿಭಾಗವಿದೆ, ಪೆಡ್ಡರ್ ರೋಡಿನಲ್ಲಿ ರಷ್ಯನ್ ಸಂಸ್ಕೃತಿ ಕೇಂದ್ರವಿದೆ. ಹತ್ತು ಹೆಸರು ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕು.

---

ಮಾತುಂಗಾ ಮೈಕ್

ಕೊಲೆಗೆ 12 ನಿಮಿಷ ಹೆಚ್ಚಾಯಿತು ಸಾರ್. ಆ ಮನುಷ್ಯ ಬದುಕಿ ಏನು ಮಾಡಿದರು ಎಂದು ಗೊತ್ತಾಗದೆ ಅವರ ಸಾವು ಒಂದು ದೇಶವನ್ನೇ ಏಕೆ ಅಲ್ಲಾಡಿಸಿತು ಎಂದು ಅರ್ಥವಾಗದು. ಸಾವಕಾಶ ಓದಿದರೆ ನಿಮಿಷಕ್ಕೆ 80, 85 ಕನ್ನಡ ಪದ ಆಗುತ್ತದೆ, ರಷ್ಯನ್ ಹೆಸರುಗಳಿದ್ದರೆ ಇನ್ನೂ ನಿಧಾನ. 1,400 ಪದ ದಾಟಬೇಡಿ, ಮೂರು ನಿಮಿಷ ಪ್ರಶ್ನೆಗಳಿಗೆ ಉಳಿಯಲಿ. ಇರುವ ಹದಿನೇಳರಲ್ಲಿ ಒಂಬತ್ತನ್ನು ಬದುಕಿಗೆ ಕೊಡಿ, ನಾಲ್ಕು ಜಾಹೀರಾತಿಗೆ, ಉಳಿದದ್ದು ಆ ರಾತ್ರಿಗೂ ತನಿಖೆಗೂ.

ಬದುಕಿನಲ್ಲಿ ಹೇಳಲು ಬೇಕಾದಷ್ಟಿದೆ. 1956ರ ಮೇ 10ರಂದು ಮಾಸ್ಕೋದಲ್ಲಿ ಹುಟ್ಟು. ಮೊದಲು ಓಟಗಾರ, ಆಮೇಲೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ, ವಿದೇಶಿ ಪ್ರಸಾರದ ರೇಡಿಯೊದಲ್ಲಿ ಕೆಲಸ. 1987ರ ಅಕ್ಟೋಬರ್ 2, ಶುಕ್ರವಾರ ರಾತ್ರಿ 'ನೋಟ' ಶುರು. ಅದೇ ವರ್ಷ ಸೋವಿಯತ್ ಸರ್ಕಾರ ಬಿಬಿಸಿಯ ರಷ್ಯನ್ ಪ್ರಸಾರಕ್ಕೆ ಒಡ್ಡಿದ್ದ ಅಡ್ಡಿಯನ್ನು ನಿಲ್ಲಿಸಿತ್ತು. ಯುವಕರನ್ನು ಹೊರಗಿನ ರೇಡಿಯೊದಿಂದ ಸೆಳೆದುಕೊಳ್ಳಲು ತಮ್ಮದೇ ಏನಾದರೂ ಬೇಕಿತ್ತು. ಸೂಟು ತೊಟ್ಟು ಕಾಗದ ನೋಡಿ ಓದುವವರ ಜಾಗದಲ್ಲಿ ಸ್ವೆಟರ್ ಹಾಕಿದ ಮೂರು ನಾಲ್ಕು ಹುಡುಗರು, ನೇರ ಪ್ರಸಾರ, ನಡುನಡುವೆ ರಾಕ್ ಸಂಗೀತ, ಆವರೆಗೆ ಅಡುಗೆಮನೆಯಲ್ಲಷ್ಟೇ ಪಿಸುಗುಡುತ್ತಿದ್ದ ವಿಷಯಗಳು. ವಿದೇಶಾಂಗ ಸಚಿವ ಶೆವರ್ದ್‌ನಾದ್ಜೆ 1990ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ ಬಗ್ಗೆ ಕಾರ್ಯಕ್ರಮ ಮಾಡಹೊರಟಾಗ ಅದನ್ನು ತಡೆದರು, ಬಳಿಕ 'ನೋಟ'ವನ್ನೇ ನಿಲ್ಲಿಸಿದರು. ಜೊತೆಗಾರರಲ್ಲಿ ಕೆಲವರು ಆ ವೇಳೆಗೆ ಚುನಾವಣೆ ಗೆದ್ದು ಶಾಸಕರಾಗಿದ್ದರು. ಲಿಸ್ತ್ಯೆವ್ ಟಿವಿ ಬಿಟ್ಟು ಹೋಗಲಿಲ್ಲ.

1990ರಲ್ಲಿ ಗೆಳೆಯರು ಸೇರಿ 'ವಿಐಡಿ' ಕಂಪನಿ ಕಟ್ಟಿದರು. 'ನೋಟ ಮತ್ತು ಇತರರು' ಎಂಬುದರ ರಷ್ಯನ್ ಮೊದಲಕ್ಷರಗಳು ಅವು. ಅದೇ ವರ್ಷದ ಅಕ್ಟೋಬರ್ 25ಕ್ಕೆ 'ಪೋಲೆ ಚುದೆಸ್', ಪವಾಡಗಳ ಹೊಲ. ಅಮೆರಿಕದ ತಿರುಗುಚಕ್ರದ ಆಟದ ಮಾದರಿ: ಚಕ್ರ ತಿರುಗಿಸಿ ಅಕ್ಷರ ಹೇಳು, ಪದ ಊಹಿಸು. ಮೂರು ಮೂರು ಮಂದಿಯ ಮೂರು ಸುತ್ತು, ಗೆದ್ದ ಮೂವರಿಗೆ ಅಂತಿಮ. ಹೆಸರಿನ ಮೂಲ ರಷ್ಯನ್ ಮಕ್ಕಳೆಲ್ಲ ಬಲ್ಲ ಮರದ ಗೊಂಬೆ ಬುರಾತಿನೊ ಕಥೆಯದು. ನರಿ ಮತ್ತು ಬೆಕ್ಕು ಸೇರಿ ಗೊಂಬೆಗೆ ಹೇಳುತ್ತವೆ, ಈ ಹೊಲದಲ್ಲಿ ನಾಣ್ಯ ಹೂತರೆ ನಾಣ್ಯದ ಮರ ಬೆಳೆಯುತ್ತದೆ ಎಂದು. ಕಥೆಯಲ್ಲಿ ಅದು ಮೋಸ ಎಂದು ನೋಡುವವರಿಗೆಲ್ಲ ಗೊತ್ತಿತ್ತು. ಅಂಗಡಿಗಳು ಬರಿದಾಗಿ, ಉಳಿತಾಯ ಕರಗುತ್ತಿದ್ದ ದಿನಗಳವು. ಇಲ್ಲಿ ಒಂದು ನಿಮಿಷ ನಿಲ್ಲಿ, ಅವಸರ ಮಾಡಬೇಡಿ. ವರ್ಷದ ಮೇಲೆ ಅವರು ಆ ಆಟವನ್ನು ಲಿಯನೀದ್ ಯಕುಬೊವಿಚ್‌ಗೆ ಒಪ್ಪಿಸಿದರು.

1992ರ 'ತೇಮಾ' ಸಭಿಕರನ್ನು ಕೂರಿಸಿಕೊಂಡ ಚರ್ಚೆ. 1994ರ 'ಚಾಸ್ ಪೀಕ್' ಒಬ್ಬರೇ ಅತಿಥಿಯ ಎದುರು ಕೂತು ನಡೆಸುವ ಸಂದರ್ಶನ; ಅಮೆರಿಕದ ಟಿವಿ ಸಂದರ್ಶಕ ಲ್ಯಾರಿ ಕಿಂಗ್ ಅವರಂತೆ ಪ್ಯಾಂಟಿಗೆ ಭುಜಪಟ್ಟಿ, ದಪ್ಪ ಮೀಸೆ, ಕನ್ನಡಕ. ಫೋಟೊಗಳಲ್ಲಿ ಹೆಚ್ಚಾಗಿ ಸಿಗುವ ರೂಪ ಇದು. ಕೊನೆಯ ಸಂಜೆ ಮುಗಿಸಿ ಬಂದ ಕಾರ್ಯಕ್ರಮವೂ ಇದೇ. ಆಗ 38 ವರ್ಷ.

ಮಾರ್ಚ್ 2ರಂದು ಚಾನೆಲ್‌ಗಳು ಎಂದಿನ ಕಾರ್ಯಕ್ರಮ ಬಿಟ್ಟವು. ಪರದೆಯ ಮೇಲೆ ಅವರ ಭಾವಚಿತ್ರ, ಕೆಳಗೆ ಒಂದು ಸಾಲು. ಯೆಲ್ತ್ಸಿನ್ ಒಸ್ತಾಂಕಿನೊಗೆ ಬಂದು ಸಿಬ್ಬಂದಿಯೆದುರು ಮಾತಾಡಿದರು. ಮಾಸ್ಕೋದ ಪ್ರಾಸಿಕ್ಯೂಟರ್ ಮತ್ತು ಪೊಲೀಸ್ ಮುಖ್ಯಸ್ಥ ಇಬ್ಬರನ್ನೂ ಹುದ್ದೆಯಿಂದ ತೆಗೆದರು. ಮಾರ್ಚ್ 4ರಂದು ವಗಾನ್‌ಕೊವೊ ಸ್ಮಶಾನದಲ್ಲಿ ಅಂತ್ಯಕ್ರಿಯೆ.

---

ಪುಣೆ ಪ್ರೂಫ್

ಮೈಕ್ ಅವರು ಹೇಳಿದ ಆ ಸಾಲಿನ ಅನುವಾದ ಎಚ್ಚರದಿಂದ ಆಗಬೇಕು. ರಷ್ಯನ್ನಿನಲ್ಲಿ ಮೂರೇ ಪದ: "ವ್ಲಾದಿಸ್ಲಾವ್ ಲಿಸ್ತ್ಯೆವ್ ಉಬೀತ್". 'ಕೊಂದರು' ಎಂದರೆ ಯಾರೋ ಕೆಲವರು ಎಂದಾಯಿತು. 'ಹುತಾತ್ಮರಾದರು' ಮೂಲದಲ್ಲಿಲ್ಲ. 'ಕೊಲ್ಲಲ್ಪಟ್ಟರು' ವ್ಯಾಕರಣಕ್ಕೆ ಸರಿ, ಕಿವಿಗೆ ಅಲ್ಲ. ನಮ್ಮ ಮನೆಮಾತಿನ 'ಕೊಲೆಯಾಗಿದೆ' ಸಾಕು. ರಷ್ಯನ್ ಪದದ ಹಾಗೆ ಅದರಲ್ಲೂ ಮಾಡಿದವರಿಗೆ ಜಾಗವಿಲ್ಲ. ಪ್ರೊಜೆಕ್ಟರ್ ಇದ್ದರೆ ಚಿತ್ರದ ಕೆಳಗೆ "ವ್ಲಾದಿಸ್ಲಾವ್ ಲಿಸ್ತ್ಯೆವ್ ಅವರ ಕೊಲೆಯಾಗಿದೆ" ಎಂದಷ್ಟೇ ಇಡಿ. ಹಿನ್ನೆಲೆ ಸಂಗೀತ ಬೇಡ. ಅರ್ಧ ನಿಮಿಷ ಮಾತು ನಿಲ್ಲಿಸಿ, ಆಮೇಲೆ ತನಿಖೆಗೆ ಹೋಗಿ.

---

ಡೊಂಬಿವಲಿ ಓದುಗ

ಹಾಗೇ ಮಾಡುತ್ತೇನೆ. ಬದುಕಿಗೆ ಒಂಬತ್ತು ನಿಮಿಷ, ಪವಾಡಗಳ ಹೊಲದಿಂದ ಶುರು. 1,400 ಪದದ ಹೊಸ ಕರಡನ್ನು ಭಾನುವಾರದೊಳಗೆ ಇಲ್ಲೇ ಹಾಕುತ್ತೇನೆ, ದಯವಿಟ್ಟು ತಾರೀಖುಗಳನ್ನು ಒಮ್ಮೆ ನೋಡಿಕೊಡಿ.